ಅಕ್ಕನ ಬೋರಿಂಗು, ತಂಗಿಯ ಮಷೀನು

ಚಂಪಾಬಾಯಿಗೆ ದೇವರು ತಂಗಿಗಿಂತ ಹೆಚ್ಚು ಕೊಟ್ಟದ್ದು ಒಂದೇ ಒಂದು, ಅದು ನೀರು.

ಉಳಿದದ್ದರಲ್ಲೆಲ್ಲ ತಂಗಿ ಮಾಯಾಳದೇ ಮೇಲುಗೈ. ಹಳಿಯಾಳದ ಕಡೆ, ತೇರಗಾಂವದಿಂದ ಆಚೆಗಿನ ಒಂದು ಲಂಬಾಣಿ ತಾಂಡಾದಲ್ಲಿ ಹುಟ್ಟಿದವರು ಅವರು. ಅಪ್ಪ ಅವ್ವ ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಊರೂರು ತಿರುಗುತ್ತಿದ್ದರು. ಚಂಪಾ ಮೊದಲು ಹುಟ್ಟಿದವಳಾದ್ದರಿಂದ ಒಲೆಯೂ ಆಡಿನ ಮರಿಯೂ ತಂಗಿಯೂ ಅವಳ ಪಾಲಿಗೆ ಬಂದವು. ಮಾಯಾ ಶಾಲೆಗೆ ಹೋದಳು. ತಂಗಿಯ ತಲೆ ಬಾಚಿ, ಚೀಲ ಹೆಗಲಿಗೆ ಹಾಕಿ ಕಳಿಸಿ, ಅವಳು ಏರಿ ದಾಟಿ ಮರೆಯಾಗುವ ತನಕ ಚಂಪಾ ಬಾಗಿಲಲ್ಲೇ ನಿಲ್ಲುತ್ತಿದ್ದಳು. ನೋಡಿದವರು ಎಂಥಾ ಅಕ್ಕರೆ ಎನ್ನುತ್ತಿದ್ದರು. ಆ ಹುಡುಗಿ ಒಮ್ಮೆ ಕಾಲು ಜಾರಿ ಬೀಳಲಿ, ಚೀಲ ಕೆಸರಾಗಲಿ, ತಿರುಗಿ ಮನೆಗೆ ಬರಲಿ ಎಂದು ಹಾರೈಸುತ್ತ ನಿಂತಿರುತ್ತಿದ್ದಳೆಂಬುದು ಯಾರಿಗೂ ಗೊತ್ತಾಗಲಿಲ್ಲ.

ಮದುವೆಯ ಹೊತ್ತಿಗೂ ಹಾಗೇ ಆಯಿತು. ಅವ್ವ ತಾನು ಮದುವೆಯಲ್ಲಿ ಉಟ್ಟಿದ್ದ, ಕನ್ನಡಿ ಕೂರಿಸಿ ಕಸೂತಿ ಹಾಕಿದ ಹಳೆಯ ಲಂಗವನ್ನು ಮಾಯಾಳಿಗೆ ಎತ್ತಿಟ್ಟಳು. ಚಂಪಾಳಿಗೆ ಪೇಟೆಯಿಂದ ಹೊಸದೊಂದು ತರಿಸಿದಳು. "ನಿನಗ ಹೊಸಾದು ಕೊಟ್ಟೇನಲ್ಲ, ಇನ್ನೇನ ಬೇಕು?" ಎಂದಳು ಅವ್ವ. ಹೊಸದು ಯಾರಿಗೆ ಬೇಕಾಗಿತ್ತು? ಚಂಪಾ ಆ ಹೊಸ ಲಂಗವನ್ನು ಗೋವಿನಜೋಳದ ಹೊಲಕ್ಕೆ ಉಟ್ಟುಕೊಂಡು ಹೋಗಿ ಒಂದೇ ಹಂಗಾಮಿನಲ್ಲಿ ಹರಿದು ಹಾಕಿದಳು.

ಚಂಪಾಳನ್ನು ಮುಂಡಗೋಡದ ಕಡೆ, ಚಿಗಳ್ಳಿಯ ಹತ್ತಿರದ ಕೆಳಗಿನ ತಾಂಡಾದ ಖೇಮಪ್ಪನಿಗೆ ಕೊಟ್ಟರು. ಕೆಲವು ವರ್ಷದ ಮೇಲೆ ಮಾಯಾಳನ್ನೂ ಅದೇ ದಿಕ್ಕಿಗೆ, ಗುಡ್ಡದ ಮೇಲಿನ ತಾಂಡಾದ ಕುಬೇರನಿಗೆ ಕೊಟ್ಟರು. ಖೇಮಪ್ಪ ಕೆಟ್ಟವನಲ್ಲ. ಉಣ್ಣುವುದು, ಮಲಗುವುದು, ಕರೆದಲ್ಲಿಗೆ ಕೂಲಿಗೆ ಹೋಗುವುದು ಇಷ್ಟೇ ಅವನ ಬಾಳು. ಕುಬೇರನೋ ಟ್ರ್ಯಾಕ್ಟರ್ ಹೊಡೆಯುವವನು, ನಾಲ್ಕು ಮಂದಿಯ ನಡುವೆ ಮಾತಾಡುವವನು, ಹೆಂಡತಿಯನ್ನು ಹೆಸರು ಹಿಡಿದು ಕರೆಯುವವನು. ಅದನ್ನೂ ಚಂಪಾ ನುಂಗಿಕೊಂಡಳು. ಯಾಕೆಂದರೆ ಮೇಲಿನ ತಾಂಡಾದಲ್ಲಿ ನೀರು ಉಪ್ಪು.

ಅಂಥಿಂಥಾ ಉಪ್ಪಲ್ಲ. ಆ ನೀರಲ್ಲಿ ಬೇಳೆ ಬೇಯುತ್ತಿರಲಿಲ್ಲ, ಸಾಬೂನು ನೊರೆ ಬಿಡುತ್ತಿರಲಿಲ್ಲ, ಚಹಾಕ್ಕೆ ಹಾಕಿದ ಹಾಲು ಒಡೆದು ಕೂತುಬಿಡುತ್ತಿತ್ತು. ಎಷ್ಟು ಕಡೆ ಕೊರೆಸಿದರೂ ಗುಡ್ಡದ ಹೊಟ್ಟೆಯೊಳಗೆ ಅದೇ ನೀರು. ಕೆಳಗಿನ ತಾಂಡಾ ಕೆರೆಯ ಬದಿಗಿತ್ತು. ಅಲ್ಲಿ ಚಂಪಾಳ ಮನೆಯ ಮುಂದಿನ ಬೋರಿಂಗು ನಾಲ್ಕು ಸಲ ಒತ್ತಿದರೆ ಎಳನೀರಿನಂಥ ನೀರು ಕೊಡುತ್ತಿತ್ತು.

ಹೀಗಾಗಿ ಮಾಯಾ ದಿನಾ ಕೊಡ ಹೊತ್ತು ಗುಡ್ಡ ಇಳಿದು ಬರಬೇಕು. ಬಂದಳೆಂದರೆ ಚಂಪಾ ತನ್ನ ತಾಂಡಾದ ಹೆಂಗಸರನ್ನೆಲ್ಲ ಸರಿಸಿ, "ಪಾಪ, ಏರಿ ಹತ್ತಿ ಹೋಗ್ಬೇಕಾಕಿ, ಆಕಿಗೆ ಮದ್ಲ ಬಿಡ್ರಿ" ಎನ್ನುತ್ತಿದ್ದಳು. ತಾನೇ ಕಟ್ಟೆ ಹತ್ತಿ ಹಿಡಿಕೆ ಒತ್ತುತ್ತಿದ್ದಳು. ತಂಗಿ ಕೆಳಗೆ ಬಗ್ಗಿ ಕೊಡ ಹಿಡಿಯುವಳು, ಅಕ್ಕ ಮೇಲೆ ನಿಂತು ನೀರು ಬಿಡುವಳು. ಕೊಡ ತುಂಬಿ ತಲೆಗೆ ಏರಿದ ಮೇಲೆ ಚಂಪಾ ಸೊಂಟದ ಮೇಲೆ ಕೈಯಿಟ್ಟು, "ಹುಷಾರ್‌ಲೇ ಹೋಗವಾ" ಎನ್ನುವಳು. ಇಪ್ಪತ್ತು ವರ್ಷ ಹೀಗೇ ನಡೆಯಿತು. ಚಂಪಾ ತನ್ನ ಹೆಣ್ಣುಮಕ್ಕಳಿಬ್ಬರ ಮದುವೆ ಮಾಡಿ ಕೊಟ್ಟಳು, ಕೂದಲು ಬೆಳ್ಳಗಾಯಿತು, ಟಿಬೆಟನ್ ಕಾಲೊನಿಯ ಹೊಲಗಳಲ್ಲಿ ಕಳೆ ತೆಗೆದು ತೆಗೆದು ಬೆನ್ನು ಬಾಗಿತು. ದಿನಕ್ಕೆ ಒಂದು ಸಲ ಆ ಕಟ್ಟೆ ಹತ್ತಿದಾಗ ಮಾತ್ರ ಚಂಪಾಬಾಯಿಯ ಬೆನ್ನು ನೆಟ್ಟಗಾಗುತ್ತಿತ್ತು.

ಮಷೀನು ಬಂದದ್ದು ಒಂದು ಬೇಸಿಗೆಯಲ್ಲಿ. ಧಾರವಾಡದ ಕಡೆಯ ಒಂದು ಸಂಸ್ಥೆಯವರು ಮೇಲಿನ ತಾಂಡಾಕ್ಕೆ ಬಂದು, ನೀರು ನೋಡಿ, ಬಿಸಿಲು ನೋಡಿ, ಒಂದು ತಗಡಿನ ಖೋಲಿ ಕಟ್ಟಿಸಿದರು. ಅದರ ಮೇಲೆ ಕರಿ ಗಾಜಿನ ಹಲಗೆಗಳನ್ನು ಸಾಲಾಗಿ ಕೂರಿಸಿದರು. ಒಳಗೆ ಕೊಳವೆಗಳು, ಬಿಳಿ ಸಿಲಿಂಡರುಗಳು. ಗುಡ್ಡದ ಮೇಲೆ ಕರೆಂಟು ಇದ್ದರೂ ಇಲ್ಲದಂತೆ, ಅದಕ್ಕೇ ಸೂರ್ಯನ ಶಕ್ತಿ. ಬಿಸಿಲು ಬಿದ್ದರೆ ಸಾಕು, ಬೋರಿನ ಉಪ್ಪುನೀರನ್ನು ಅದು ಎಳೆದುಕೊಂಡು, ಉಪ್ಪನ್ನು ಒಂದು ಕಡೆ ಬಿಟ್ಟು ಸಿಹಿನೀರನ್ನು ಇನ್ನೊಂದು ಕಡೆ ಕೊಡುತ್ತಿತ್ತು. ಉಪ್ಪು ಹೆಚ್ಚಾದ ನೀರು ಒಂದು ಹೊಂಡಕ್ಕೆ, ಸಿಹಿನೀರು ಮೇಲಿನ ಟಾಕಿಗೆ.

ಅದನ್ನು ನಡೆಸುವುದಕ್ಕೆ ಓದು ಬರಹ ಬಲ್ಲ ಹೆಂಗಸು ಬೇಕು ಎಂದರು. ತಾಂಡಾದ ಹೆಂಗಸರಲ್ಲಿ ಏಳನೆಯ ಇಯತ್ತೆ ಓದಿದವಳು ಯಾರು? ಮಾಯಾ. ಹದಿನೈದು ದಿನ ಧಾರವಾಡಕ್ಕೆ ಕರೆದೊಯ್ದು ಕಲಿಸಿ, ಖೋಲಿಯ ಕೀಲಿ ಅವಳ ಕೈಗೆ ಕೊಟ್ಟರು. ಮಾಯಾ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮಷೀನು ಚಾಲೂ ಮಾಡಿದ ದಿವಸ ಚಂಪಾಳೂ ಹೋಗಿದ್ದಳು. ಹೋಗದೆ ಇದ್ದರೆ ಜನ ಏನಂದಾರು? ಕಾಲೊನಿಯ ಮಠದಿಂದ ಇಬ್ಬರು ಲಾಮಾಗಳು ಬಂದಿದ್ದರು. ಅವರಲ್ಲಿ ಹಿರಿಯರು ಒಂದು ಲೋಟ ನೀರು ಕುಡಿದು, ಕಣ್ಣು ಮುಚ್ಚಿ ತೆರೆದು, ಹರುಕು ಮುರುಕು ಕನ್ನಡದಲ್ಲಿ "ಬಹಳ ಚಲೋ, ಬಹಳ ಚಲೋ" ಎಂದರು. ಆಮೇಲೆ ಚೀಲದೊಳಗಿಂದ ರೇಷ್ಮೆಯ ಬಿಳಿ ಶಾಲೊಂದನ್ನು ತೆಗೆದು ಎರಡೂ ಕೈಯಲ್ಲಿ ಹಿಡಿದು ಮಾಯಾಳ ಕೊರಳಿಗೆ ಹಾಕಿದರು. ಇಪ್ಪತ್ತು ವರ್ಷದಿಂದ ಅವರ ಹೊಲದ ಕಳೆ ತೆಗೆದವಳು ಚಂಪಾ. ಅವಳ ಕೊರಳಿಗೆ ಆ ಶಾಲು ಯಾವತ್ತೂ ಬಿದ್ದಿರಲಿಲ್ಲ.

ಚಪ್ಪಾಳೆ ಹೊಡೆದರು. ಚಂಪಾಳೂ ಹೊಡೆದಳು. ಮಾಯಾ ಮೊದಲ ಲೋಟ ಹಿಡಿದುಕೊಂಡು ಅಕ್ಕನ ಹತ್ತಿರವೇ ಬಂದಳು.

"ಕುಡಿಯಕ್ಕಾ. ಹೆಂಗ ಐತಿ ಹೇಳು."

"ಇಲ್ಲಿಗೆ ಬರೂ ಮುಂದನ ಕುಡದ ಬಂದೇನಿ. ನೀರಡಿಕಿಲ್ಲ," ಎಂದಳು ಚಂಪಾ. ಬಿಸಿಲಿಗೆ ಅವಳ ತುಟಿ ಒಡೆದಿತ್ತು.

ಮರುದಿನದಿಂದ ಮಾಯಾ ಗುಡ್ಡ ಇಳಿಯುವುದು ನಿಂತಿತು. ಚಂಪಾ ಮೂರು ನಾಲ್ಕು ದಿವಸ ಅದೇ ಹೊತ್ತಿಗೆ ಹೊರಗೆ ಬಂದು ಕಟ್ಟೆಯ ಮೇಲೆ ಕೂತಳು. ಆಮೇಲೆ ಕೂರುವುದನ್ನು ಬಿಟ್ಟಳು. ಹೊಟ್ಟೆಯೊಳಗೆ ಬೆಂಕಿ ಬಿದ್ದದ್ದು ಅಲ್ಲಿಂದ. ತಂಗಿಗೆ ನೀರು ಸಿಕ್ಕಿತೆಂದು ಸಂಕಟಪಡಬಾರದು, ಅದು ಪಾಪ, ಅದು ಚಂಪಾಳಿಗೂ ಗೊತ್ತು. ಗೊತ್ತಿದ್ದರೆ ಬೆಂಕಿ ಆರುತ್ತದೆಯೇ?

ಒಂದು ಸಂಜೆ ಖೇಮಪ್ಪ ಮೇಲಿನ ತಾಂಡಾದಿಂದ ಬಂದವನೇ ಹೊಸ್ತಿಲ ಮೇಲೆ ಕಾಲು ಚಾಚಿ ಕೂತ.

"ಮಾಯಾನ ಮನ್ಯಾಗ ಚಹಾ ಕುಡದ ಬಂದೆ. ಏನ್ ಚಹಾನ ಅದು! ನೀರು ಕೆನಿ ಇದ್ದಂಗ ಐತಿ."

ಚಂಪಾ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. "ಹಂಗಾರ ರೊಟ್ಟೀನೂ ಅಲ್ಲೇ ತಿಂದ ಬರ್ಬೇಕಾಗಿತ್ತು."

"ನಾ ಏನಂದೆ ಈಗ?"

"ಏನೂ ಅನ್ನಲಿಲ್ಲ. ಇಪ್ಪತ್ತ ವರ್ಷ ನನ್ನ ನೀರಾಗಿನ ಚಹಾ ಕುಡದಿ, ಒಂದಿನರ ಕೆನಿ ಅಂದೀಯೇನ?"

ಖೇಮಪ್ಪ ಕೈ ತೊಳೆದು ಊಟಕ್ಕೆ ಕೂತ. ಅಂದು ಅವನ ತಟ್ಟೆಗೆ ಬಿದ್ದ ರೊಟ್ಟಿಗಳೆಲ್ಲ ಸೀದಿದ್ದವು.

ಆಮೇಲೆ ಚಂಪಾ ಒಂದು ನಿಶ್ಚಯ ಮಾಡಿದಳು. ತನ್ನ ತಾಂಡಾಕ್ಕೂ ಮಷೀನು ಬರಬೇಕು. ಅದರ ಕೀಲಿ ತನ್ನ ಸೊಂಟಕ್ಕೆ ಬರಬೇಕು. ಅಕ್ಷರ ಬಾರದಿದ್ದರೇನು, ಕೀಲಿ ತಿರುವುವುದಕ್ಕೆ ಅಕ್ಷರ ಯಾಕೆ? ಸಂಸ್ಥೆಯ ಕಡೆಯಿಂದ ಮಷೀನು ನೋಡಿಕೊಳ್ಳಲು ಆಗಾಗ ಬರುತ್ತಿದ್ದವನು ಮೌನೇಶ ಎಂಬವನು. ಮೂವತ್ತರ ಆಸುಪಾಸು, ಮೋಟರ್ ಸೈಕಲ್ಲಿನ ಮೇಲೆ ಬರುವವನು, ಸಿಟ್ಟಿಗೇಳದವನು. ಅವನನ್ನು ಚಂಪಾ ಕೆರೆಯ ಏರಿಯ ಮೇಲೆ ತಡೆದು ನಿಲ್ಲಿಸಿದಳು.

"ನಮ್ಮ ತಾಂಡಾ ಏನ್ ಪಾಪ ಮಾಡೇತ್ರಿ? ಅವರಿಗಷ್ಟ ಮಷೀನು, ನಮಗಿಲ್ಲ?"

ಮೌನೇಶ ಗಾಡಿಯಿಂದ ಇಳಿದು ಬೋರಿಂಗಿನ ಹತ್ತಿರ ಬಂದ. ಎರಡು ಬೊಗಸೆ ನೀರು ಕುಡಿದು ಮುಖ ಒರೆಸಿಕೊಂಡ. "ಅಕ್ಕಾರ, ಇದು ಅಮೃತ ಇದ್ದಂಗ ಐತ್ರಿ. ಮಷೀನು ಉಪ್ಪುನೀರಿಗೆ. ನಿಮಗ್ಯಾಕ?"

"ಕುಡದ ನೋಡಿ ಹೇಳಿದ್ರ ಆತೇನ್ರಿ? ಅವರದು ಪರೀಕ್ಷಾ ಮಾಡಿಸೀರಿ. ನಮ್ಮದೂ ಮಾಡಿಸ್ರಿ."

"ಅದೂ ಖರೇನ ಅನ್ರಿ," ಎಂದ ಮೌನೇಶ. ಚೀಲದೊಳಗಿಂದ ಒಂದು ಬಾಟಲಿ ತೆಗೆದುಕೊಟ್ಟ. "ನಾಳೆ ಮುಂಜಾನೆ ಬೋರಿಂಗ್ ಒತ್ತಿ, ಇದನ್ನ ಎರಡ ಸಲ ತೊಳದು ತುಂಬಿ ಇಡ್ರಿ. ಹೊಳ್ಳಿ ಹೋಗೂ ಮುಂದ ಒಯ್ತೇನಿ."

ಮುಂಜಾನೆ ಖೇಮಪ್ಪ ಕೂಲಿಗೆ ಹೋದ ಮೇಲೆ ಚಂಪಾ ಬಾಟಲಿ ತೊಳೆದಳು, ತುಂಬಿದಳು, ಬೆಳಕಿಗೆ ಹಿಡಿದು ನೋಡಿದಳು. ತಿಳಿಯಾಗಿ ಹೊಳೆಯುತ್ತಿತ್ತು. ಅಷ್ಟು ತಿಳಿಯಾದ ನೀರನ್ನು ನೋಡಿ ಇಷ್ಟೊಂದು ಸಿಟ್ಟು ಬರಬಹುದೆಂದು ಅವಳಿಗೆ ಅಂದಿನವರೆಗೆ ಗೊತ್ತಿರಲಿಲ್ಲ. ಈ ನೀರು ಚಲೋ ಇದ್ದಷ್ಟು ದಿನ ತನ್ನ ಮನೆಗೆ ಯಾರೂ ಬರುವುದಿಲ್ಲ, ಕೊರಳಿಗೆ ಶಾಲು ಬೀಳುವುದಿಲ್ಲ. ಕೆಟ್ಟ ನೀರು ಇದ್ದದ್ದಕ್ಕೇ ಅಲ್ಲವೇ ಮಾಯಾಳ ದೆಸೆ ತಿರುಗಿದ್ದು? ಈ ಒಂದರಲ್ಲೂ ದೇವರು ಅವಳಿಗೇ ಹೆಚ್ಚು ಕೊಟ್ಟನೇ?

ಅಡಿಗೆಯ ಕಡೆಗೆ ಹೋಗಿ ಉಪ್ಪಿನ ಗಡಿಗೆಯಿಂದ ನಾಲ್ಕು ಹರಳು ತಂದು ಬಾಟಲಿಗೆ ಹಾಕಿದಳು. ಕುಲುಕಿ, ಒಂದು ಹನಿ ಬೆರಳಿಗೆ ಹಚ್ಚಿ ನೆಕ್ಕಿದಳು. ಮೇಲಿನ ತಾಂಡಾದ ನೀರಿನ ರುಚಿ ಅವಳ ನಾಲಿಗೆಗೆ ಚೆನ್ನಾಗಿ ನೆನಪಿತ್ತು. ಅಷ್ಟು ಆಗಿರಲಿಲ್ಲ. ಇನ್ನೆರಡು ಹರಳು ಹಾಕಿದಳು. ಈಗ ಸರಿಯಾಯಿತು. ಮುಚ್ಚಳ ಹಾಕುವವಳಿದ್ದಳು, ಆದರೆ ಸರಿಸಮ ಆದರೆ ಏನು ಬಂತು ಎನಿಸಿತು. ತಂಗಿಗಿಂತ ಒಂದು ಹರಳು ಹೆಚ್ಚಿರಲಿ ಎಂದು ಮತ್ತೊಂದು ಹಾಕಿ ಬಿಗಿಯಾಗಿ ಮುಚ್ಚಿದಳು.

ಕೆಲವು ದಿವಸ ಏನೂ ಆಗಲಿಲ್ಲ. ಆಮೇಲೆ ಮೌನೇಶ ಒಬ್ಬನೇ ಬರಲಿಲ್ಲ, ಬಣ್ಣದ ಡಬ್ಬಿ ಹಿಡಿದ ಇನ್ನೊಬ್ಬನನ್ನೂ ಕರೆತಂದ. ಬೋರಿಂಗಿನ ಸುತ್ತ ಜನ ಸೇರಿದರು. "ನಂಗೂ ಅಚ್ಚರಿ ಆಗೇತ್ರಿ," ಎಂದ ಮೌನೇಶ. "ನಾಲಿಗಿಗೆ ಚಲೋ ಇದ್ದದ್ದು ಪರೀಕ್ಷಾದಾಗ ಕೆಟ್ಟದ್ದ ಬಂದೈತಿ. ಬ್ಯಾಸಿಗಿ, ನೆಲದಾಗ ಏನ್ ಬದಲಾಗೇತೋ ಏನೋ. ಇನ್ನೊಮ್ಮೆ ಪರೀಕ್ಷಾ ಮಾಡಸ್ತೇವಿ. ಅಲ್ಲಿತನಾ ಇದನ್ನ ಕುಡೀಬ್ಯಾಡ್ರಿ. ಮ್ಯಾಲಿನ ಮಷೀನಿನ ನೀರು ನಿಮಗೂ ಕೊಡಾಕ ಹೇಳೇನಿ."

"ಮತ್ತ ನಮ್ಮ ಮಷೀನು?" ಎಂದಳು ಚಂಪಾ.

"ಬರಬಹುದ್ರಿ. ವರ್ಷೊಪ್ಪತ್ತಾಗಬಹುದು."

ಬಣ್ಣದವನು ಹಿಡಿಕೆಯಿಂದ ಬುಡದವರೆಗೆ ಬೋರಿಂಗಿಗೆ ಕೆಂಪು ಬಳಿದು, ಕಟ್ಟೆಯ ಮೇಲೆ ಒಂದು ಸಾಲು ಬರೆದ. ಚಂಪಾಳಿಗೆ ಓದಲು ಬರುತ್ತಿರಲಿಲ್ಲ. ಶಾಲೆಗೆ ಹೋಗುವ ಹುಡುಗಿಯೊಬ್ಬಳು ಗಟ್ಟಿಯಾಗಿ ಓದಿದಳು: ಈ ನೀರು ಕುಡಿಯಲು ಯೋಗ್ಯವಲ್ಲ.

ಇದನ್ನು ಚಂಪಾ ಲೆಕ್ಕ ಹಾಕಿರಲಿಲ್ಲ. ಉಪ್ಪು ಹಾಕಿದ ಮರುದಿನ ಮಷೀನು ಬರುತ್ತದೆಂದು ಅವಳು ತಿಳಿದಿದ್ದಳು. ಬಂದದ್ದು ಮೇಲಿನ ತಾಂಡಾದ ಏರಿ. ಈಗ ಕೆಳಗಿನ ತಾಂಡಾದ ಹೆಂಗಸರೆಲ್ಲ ಕೊಡ ಹೊತ್ತು ಗುಡ್ಡ ಹತ್ತಬೇಕಾಯಿತು, ಅವರ ನಡುವೆ ಚಂಪಾಳೂ. ಅಲ್ಲಿ ಪಾಳಿಯಲ್ಲಿ ನಿಲ್ಲಬೇಕು. ಮಾಯಾ ಖೋಲಿಯ ಬಾಗಿಲಲ್ಲಿ ನಿಂತು ನಳ ಬಿಡುತ್ತಿದ್ದಳು. ಅಕ್ಕನನ್ನು ಕಂಡ ಕೂಡಲೇ ಅವಳೆಂದಳು:

"ಅಕ್ಕಗ ಮದ್ಲ ಬಿಡ್ರಿ. ವಯಸ್ಸಾಗೇತಿ ಆಕಿಗೆ."

ವಯಸ್ಸಾಗೇತಿ! ಚಂಪಾ ಪಾಳಿಯ ಕೊನೆಗೆ ಹೋಗಿ ನಿಂತಳು. ಬಿಸಿಲಲ್ಲಿ ನಿಂತು, ಕೊಡ ತುಂಬಿಸಿ, ಕಲ್ಲು ಜಾರುವ ಹಾದಿಯಲ್ಲಿ ಇಳಿಯುತ್ತ, ಇಪ್ಪತ್ತು ವರ್ಷ ಮಾಯಾ ಈ ಹಾದಿಯನ್ನು ಹೇಗೆ ಹತ್ತಿದಳು ಎಂಬ ಯೋಚನೆ ಒಂದು ಕ್ಷಣ ಬಂತು. ಚಂಪಾ ಅದನ್ನು ಬೇಗ ದಾಟಿಸಿ ಕಳಿಸಿದಳು.

ಕಷ್ಟ ಕಾಲಿಗಷ್ಟೇ ಆಗಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಬೋರಿಂಗಿನ ಆಚೆ ಬದಿಯ ಗುಡಿಸಲಲ್ಲಿ ಠಾಕ್ರಿಬಾಯಿ ಎಂಬ ಮುದುಕಿ ಇದ್ದಳು. ಗುಡ್ಡ ಹತ್ತಲಾರಳು. ಚಂಪಾಳೇ ಅವಳಿಗೆ ಒಂದು ಕೊಡ ತಂದು ಹಾಕುತ್ತಿದ್ದಳು. ಒಂದಿನ ನೀರು ಸುರಿಯುವಾಗ ಮುದುಕಿ ಗೋಡೆಗೆ ಒರಗಿ ಕೂತು ತನ್ನಷ್ಟಕ್ಕೆ ತಾನೇ ಲಂಬಾಣಿಯಲ್ಲಿ ಏನೋ ಗೊಣಗುತ್ತಿದ್ದಳು.

"ಏನಾತ ಆಯಿ?"

"ನನ್ನ ಮಗಳು ಸೀತಾ ಕಿಡ್ನಿ ಕೆಟ್ಟ ಸತ್ಲಲ್ಲವಾ. ಕಡೀಕ ಕಡೀಕ ನೀರು ನೀರು ಅಂತಿದ್ಲು. ಈ ಬೋರಿಂಗಿನ ನೀರ ಕುಡಿಸಿದೆ. ಚಲೋ ನೀರ ಅಂತ ಮತ್ತ ಮತ್ತ ಕುಡಿಸಿದೆ." ಮುದುಕಿ ತನ್ನ ಎರಡೂ ಕೈಗಳನ್ನು ಮುಂದೆ ಹಿಡಿದು ನೋಡಿಕೊಂಡಳು. "ಈ ಕೈಯಾಗ ನಾನ ಕೊಂದಂಗ ಆತಲ್ಲ."

ಚಂಪಾ ಉಳಿದ ನೀರನ್ನೂ ಗಡಿಗೆಗೆ ಸುರಿದಳು. ಖಾಲಿ ಕೊಡ ಎತ್ತಿಕೊಂಡು ಮನೆಗೆ ಬಂದಳು. ಅಂದು ಊಟ ಸೇರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಮಾಯಾ ತಾನಾಗಿಯೇ ಗುಡ್ಡ ಇಳಿದು ಬಂದಳು. ಕೈಯಲ್ಲಿ ಕೊಡ ಇರಲಿಲ್ಲ. ಅಕ್ಕನನ್ನು ಕರೆಯದೆ ನೇರವಾಗಿ ಕೆಂಪು ಬೋರಿಂಗಿಗೆ ಹೋಗಿ ನಾಲ್ಕು ಸಲ ಒತ್ತಿ, ಒಂದು ಲೋಟಕ್ಕೆ ನೀರು ಹಿಡಿದಳು. ಸೆರಗಿನ ಗಂಟಿನಿಂದ ಪೆನ್ನಿನಂಥದ್ದೊಂದನ್ನು ತೆಗೆದು ಅದರಲ್ಲಿ ಅದ್ದಿದಳು. ನೀರಲ್ಲಿ ಉಪ್ಪಿನಂಶ ಎಷ್ಟಿದೆಯೆಂದು ಅಂಕಿಯಲ್ಲಿ ತೋರಿಸುವ ಮೀಟರು ಅದು. ಮಷೀನಿನ ನೀರನ್ನು ದಿನಾ ಅದರಲ್ಲೇ ನೋಡುತ್ತಿದ್ದಳು. ಅಂಕಿ ನೋಡಿದಳು, ಒರೆಸಿ ಇನ್ನೊಮ್ಮೆ ಅದ್ದಿದಳು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಅಕ್ಕನ ಕಡೆ ತಿರುಗಿದಳು.

ಅಕ್ಕತಂಗಿಯರು ಮನೆಯ ಮಾತು ಲಂಬಾಣಿಯಲ್ಲಿ ಆಡುತ್ತಿದ್ದರು, ಜಗಳವನ್ನು ಮಾತ್ರ ಕನ್ನಡದಲ್ಲಿ. ತಾಂಡಾದ ಮುದುಕಿಯರಿಗೆ ಜಗಳ ಪೂರ್ತಿ ತಿಳಿಯಬಾರದಲ್ಲ. ಮಾಯಾ ಕನ್ನಡದಲ್ಲಿ ಕೇಳಿದಳು.

"ಎಷ್ಟ ಹರಳ ಹಾಕಿದಿ ಅಕ್ಕಾ?"

"ಏನ ಹರಳು?"

"ಈ ನೀರಿಗೇನೂ ಆಗಿಲ್ಲ. ನನ್ನ ಮಷೀನಿನ ನೀರಿಗೂ ಇದಕ್ಕೂ ಭಾಳ ಫರಕಿಲ್ಲ. ಬಾಟ್ಲಿ ತುಂಬಿದಾಕಿ ನೀನು."

ಚಂಪಾ ಸುಳ್ಳು ಹೇಳಲು ನೋಡಿದಳು. "ಏಳು," ಎಂದುಬಿಟ್ಟಳು.

ಮಾಯಾ ನಕ್ಕಳು. ಮೊದಲು ಬಾಯಿಗೆ ಸೆರಗು ಹಿಡಿದು ನಕ್ಕಳು, ಆಮೇಲೆ ಕಟ್ಟೆಯ ಮೇಲೆ ಕುಸಿದು ಕೂತು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಬೈದಿದ್ದರೆ ಚಂಪಾ ತಡೆದುಕೊಳ್ಳುತ್ತಿದ್ದಳೋ ಏನೋ. ಆ ನಗು ಕೇಳಿ ಅವಳ ಒಳಗಿದ್ದುದೆಲ್ಲ ಒಮ್ಮೆಲೇ ಹೊರಗೆ ಬಿತ್ತು.

"ನಗು, ನಗು! ನೀ ನಗಬೇಕಾದಾಕೀನ. ಸಾಲಿ ನಿನಗ. ಅವ್ವನ ಲಂಗ ನಿನಗ. ಚಲೋ ಗಂಡ ನಿನಗ. ಒಂದು ಬೋರಿಂಗ್ ಇತ್ತ ನನಗ, ಒಂದ ಬೋರಿಂಗು! ಅದನ್ನರ ಬಿಡಬಾರದಾಗಿತ್ತೇನ ನೀನು?"

ಮಾಯಾಳ ನಗು ನಿಂತಿತು. "ನಾ ಏನ ಕಸಗೊಂಡೆ? ನಿನ್ನ ನೀರು ಇಲ್ಲೇ ಐತಲ್ಲ."

"ನೀರು ಐತಿ. ಬೇಡಾಕ ಬರಾವ್ರು ಎಲ್ಲಿದಾರ?"

ಮಾಯಾ ಮೀಟರನ್ನು ಒರೆಸಿ ಸೆರಗಿಗೆ ಗಂಟು ಹಾಕಿದಳು. ಲೋಟದೊಳಗಿನ ನೀರನ್ನು ಕುಡಿದಳು. ಕೊನೆಗೆ ಎದ್ದು, "ಮೌನೇಶಗ ನಾ ಹೇಳ್ತೇನಿ," ಎಂದಳು. "ಬಾಟ್ಲಿ ತೊಳದಿದ್ದಿಲ್ಲ, ಉಪ್ಪಿನಕಾಯಿ ಜಾಡಿ ಮುಟ್ಟಿದ ಕೈ ಹತ್ತಿತ್ತು ಅಂತೇನಿ. ನಿನ್ನ ಹೆಸರ ಬರೂದಿಲ್ಲ. ನೀ ಸುಮ್ಮನಿರು."

ಅದನ್ನು ಹೇಳಿ ಮಾಯಾ ಗುಡ್ಡ ಹತ್ತಿ ಹೋದಳು. ಚಂಪಾ ಅಲ್ಲೇ ನಿಂತಳು. ತಂಗಿ ತನಗಾಗಿ ಸುಳ್ಳು ಹೇಳುತ್ತಾಳೆ. ತನ್ನ ಮರ್ಯಾದೆಯನ್ನು ಅವಳು ಉಳಿಸಿಕೊಡುತ್ತಾಳೆ. ಇನ್ನು ಸಾಯುವ ತನಕ, ಆ ಕೀಲಿಯ ಜೊತೆಗೆ ಇದನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗುತ್ತಾಳೆ. ಇಲ್ಲ, ಇದೊಂದನ್ನು ಅವಳ ಕೈಯಿಂದ ತೆಗೆದುಕೊಳ್ಳಲಾರೆ ಎಂದುಕೊಂಡಳು ಚಂಪಾ. ಮಾಯಾ ತನ್ನ ತಾಂಡಾ ಮುಟ್ಟುವ ಮುಂಚೆಯೇ ಅವಳು ಬೋರಿಂಗು ದಾಟಿ ಠಾಕ್ರಿಬಾಯಿಯ ಗುಡಿಸಲಿಗೆ ನಡೆದಳು.

"ಆಯಿ, ನೀರು ಕೆಟ್ಟಿಲ್ಲ. ಯಾವಾಗೂ ಕೆಟ್ಟಿದ್ದಿಲ್ಲ. ಬಾಟ್ಲಿಗೆ ನಾನ ಉಪ್ಪ ಹಾಕಿದ್ದೆ."

ಜಗಳದ ಕನ್ನಡ ಇನ್ನೂ ಅವಳ ನಾಲಿಗೆಯ ಮೇಲಿತ್ತು, ಮುದುಕಿಗೆ ತಿಳಿಯಲಿಲ್ಲ. ಚಂಪಾ ಮತ್ತೊಮ್ಮೆ ಹೇಳಿದಳು, ಈ ಸಲ ಲಂಬಾಣಿಯಲ್ಲಿ, ನಿಧಾನವಾಗಿ.

"ಹಂಗಾರ ಸೀತಾಗ ನಾ ಕುಡಿಸಿದ ನೀರು?"

"ಚಲೋ ನೀರನ ಆಯಿ. ಅಮೃತ ಇದ್ದಂಗ ಐತಿ ಅಂತ ಆ ಮೌನೇಶನ ಅಂದಾನ."

ಮುದುಕಿ ಅತ್ತಳು. ಅತ್ತಾದ ಮೇಲೆ ಕೈಗೆ ಸಿಕ್ಕ ಕಟ್ಟಿಗೆಯ ತುಂಡಿನಿಂದ ಚಂಪಾಳ ಮೊಣಕಾಲಿಗೆ ಒಂದು ಬಾರಿಸಿದಳು. ಆ ವಯಸ್ಸಿಗೆ ಅಷ್ಟು ಬಲ ಇರುತ್ತದೆಂದು ಚಂಪಾಳಿಗೆ ಗೊತ್ತಿರಲಿಲ್ಲ. ಅವಳು ಕಾಲು ಹಿಂದೆ ಎಳೆದುಕೊಳ್ಳಲಿಲ್ಲ.

ಸಂಜೆಯೊಳಗೆ ತಾಂಡಾಕ್ಕೆಲ್ಲ ಸುದ್ದಿ ಹಬ್ಬಿತು. ಹೆಂಗಸರು ಮನೆಯ ಮುಂದೆ ಬಂದು ನಿಂತು ಬೈದರು. ಗುಡ್ಡ ಹತ್ತಿ ಕಾಲು ಊದಿಸಿಕೊಂಡವರಿಗೆ ಬೈಯುವ ಹಕ್ಕಿತ್ತು. ತಾಂಡಾದ ನಾಯಕ ನಾಲ್ಕು ಮಂದಿ ಹಿರಿಯರನ್ನು ಕೂರಿಸಿ ಕೇಳಿದ. ಚಂಪಾ ಎಲ್ಲವನ್ನೂ ಒಪ್ಪಿದಳು, ಆದರೆ ಯಾಕೆ ಮಾಡಿದೆ ಎಂದು ಕೇಳಿದಾಗ ಮಾತ್ರ ನೆಲ ನೋಡಿದಳು. ಬಾಗಿಲ ಹತ್ತಿರ ಕೂತಿದ್ದ ಖೇಮಪ್ಪ, ಬದುಕಿನಲ್ಲಿ ಮೊದಲ ಸಲ ನಾಲ್ಕು ಮಂದಿಯ ನಡುವೆ ಬಾಯಿ ಬಿಟ್ಟ.

"ಹೊಟ್ಟಿಕಿಚ್ಚಿಗೆ ಮಾಡ್ಯಾಳ್ರಿ. ನಿಮ್ಮ ನಿಮ್ಮ ಮನ್ಯಾಗ ಯಾರಿಗೆ ಇಲ್ಲ ಹೇಳ್ರಿ ನೋಡೂಣು."

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ನಾಯಕ ಕೆಮ್ಮಿದ. ಮತ್ತೆ ಪರೀಕ್ಷೆ ಆಗಿ ನೀರು ಗೆಲ್ಲುವ ತನಕ ಗುಡ್ಡ ಹತ್ತಲಾಗದ ಮನೆಗಳಿಗೆಲ್ಲ ಚಂಪಾಳೇ ನೀರು ತಂದು ಹಾಕಬೇಕು ಎಂದು ತೀರ್ಮಾನವಾಯಿತು. ಅವಳು ಹಾಕಿದಳು. ಒಂದು ದಿನವೂ ತಪ್ಪಿಸಲಿಲ್ಲ, ಒಂದು ದಿನವೂ ನಗಲಿಲ್ಲ.

ಮೌನೇಶ ತಾನೇ ಬಂದು, ತಾನೇ ಬಾಟಲಿ ತೊಳೆದು ತುಂಬಿಕೊಂಡು ಹೋದ. ಈ ಸಲ ನೀರು ಗೆದ್ದಿತು. ಕೆಂಪಿನ ಮೇಲೆ ನೀಲಿ ಬಳಿದರು. ಮಾಯಾ ಸುಳ್ಳು ಹೇಳುವ ಪ್ರಸಂಗವೇ ಬರಲಿಲ್ಲ. ಅಕ್ಕ ತನ್ನನ್ನು ಮೀರಿಸಿ ಮೊದಲೇ ಹೇಳಿಬಿಟ್ಟಳೆಂದು ಕೇಳಿದಾಗ ಅವಳ ಮುಖ ಸ್ವಲ್ಪ ಸಪ್ಪಗಾಯಿತಂತೆ. ನೋಡಿದವರು ಬಂದು ಹೇಳಿದರು. ಅದನ್ನು ಕೇಳಿ ಚಂಪಾ ಆ ದಿನ ಹೊಟ್ಟೆ ತುಂಬ ಉಂಡಳು.

ಮಳೆಗಾಲ ಕಳೆದು ಸುಗ್ಗಿ ಬಂದ ಮೇಲೆ ಮೇಲಿನ ತಾಂಡಾದಿಂದ ಇನ್ನೊಂದು ಸುದ್ದಿ ಇಳಿದು ಬಂತು. ರಾಯಚೂರಿನ ಕಡೆ ಉಪ್ಪುನೀರಿನ ಹಳ್ಳಿಯೊಂದರಲ್ಲಿ ಇಂಥದೇ ಮಷೀನು ಕೂರಿಸುತ್ತಿದ್ದಾರೆ, ಅಲ್ಲಿನ ಹೆಂಗಸರಿಗೆ ಕಲಿಸಲು ಮಾಯಾ ಹೋಗಬೇಕಂತೆ. ಹುಬ್ಬಳ್ಳಿಯ ತನಕ ಬಸ್ಸು, ಅಲ್ಲಿಂದ ರೈಲು. ಚಂಪಾ ರೈಲು ಹತ್ತಿರಲಿಲ್ಲ. ಆರಿತೆಂದುಕೊಂಡಿದ್ದ ಬೆಂಕಿ ಬೂದಿಯಡಿಯಿಂದ ಮತ್ತೆ ಕಣ್ಣು ಬಿಟ್ಟಿತು.

ಹೊರಡುವ ಹಿಂದಿನ ದಿವಸ ಮಾಯಾ ಬಂದಳು. "ಅಕ್ಕಾ, ನೀನೂ ಬಾ. ಕುಬೇರಗ ಟ್ರ್ಯಾಕ್ಟರ್ ಬಿಟ್ಟ ಬರಾಕ ಆಗೂದಿಲ್ಲ. ಕಂಡರಿಯದ ಊರು, ಒಬ್ಬಾಕಿಗೆ ಅಂಜಿಕಿ ಬರ್ತೈತಿ."

"ನಿನ್ನ ಹಿಂದ ಚೀಲ ಹೊರಾಕ ಬರ್ಲೇನು?"

"ಚೀಲ ನಾನ ಹೊರತೇನಿ. ನೀ ಸುಮ್ಮ ಬಾ."

"ನಾ ಬರೂದಿಲ್ಲ," ಎಂದಳು ಚಂಪಾ. ಮಾಯಾ ಮತ್ತೆ ಕರೆಯಲಿಲ್ಲ.

ಮರುದಿನ ಮುಂಜಾನೆ ಮುಂಡಗೋಡದ ಬಸ್ ನಿಲ್ದಾಣದಲ್ಲಿ ಹುಬ್ಬಳ್ಳಿಯ ಬಸ್ಸು ಹೊರಡುವ ಹೊತ್ತಿಗೆ ಚಂಪಾ ಬಂದು ನಿಂತಿದ್ದಳು. ಕೈಯಲ್ಲಿ ಗಂಟು, ಗಂಟಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಒಂದು ಸೀರೆ. ಬಸ್ಸು ಹತ್ತಿ ತಂಗಿ ಕೂತಿದ್ದ ಸೀಟಿನ ಹತ್ತಿರ ನಿಂತಳು.

"ಸರಿ ಆಕಡೆ. ಕಿಟಕಿ ನನಗ ಬೇಕು."

ಮಾಯಾ ಚೀಲ ಎತ್ತಿಕೊಂಡು ಸರಿದಳು. ಬಸ್ಸು ಊರು ಬಿಟ್ಟಿತು. ಎರಡೂ ಬದಿಗೆ ಗೋವಿನಜೋಳದ ಕಟಾವು ಮುಗಿದ ಹೊಲಗಳು ಹಿಂದೆ ಹೋದವು. ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದ ಮಾಯಾ ತಡಸ ಊರು ಬರುವಷ್ಟರಲ್ಲಿ ಅಕ್ಕನ ಹೆಗಲಿಗೆ ತಲೆಯಿಟ್ಟು ಮಲಗಿಬಿಟ್ಟಳು. ಹೆಗಲು ಜೋಮು ಹಿಡಿದರೂ ಚಂಪಾ ಅಲುಗಾಡಲಿಲ್ಲ. ಹೊರಗೆ ನೋಡುವುದು ಬಿಟ್ಟು ತಂಗಿಯ ಕಿವಿಯನ್ನೇ ನೋಡುತ್ತಿದ್ದಳು. ಅಲ್ಲಿ ಹಿಂದೆಂದೂ ಕಾಣದ ಸಣ್ಣ ಬೆಂಡೋಲೆಗಳಿದ್ದವು. ಯಾವಾಗ ತಗೊಂಡಳು? ಯಾರು ಕೊಡಿಸಿದರು? ತನಗೆ ಯಾಕೆ ಹೇಳಲಿಲ್ಲ? ಕೇಳಬಾರದು, ಎಚ್ಚರಾದ ಮೇಲೂ ಕೇಳಬಾರದು ಎಂದು ಚಂಪಾಬಾಯಿ ಹಲ್ಲು ಕಚ್ಚಿ ಕೂತಳು. ಹುಬ್ಬಳ್ಳಿ ಮುಟ್ಟುವುದಕ್ಕೆ ಇನ್ನೂ ಬಹಳ ದೂರವಿತ್ತು, ಅಷ್ಟರಲ್ಲಿ ತಂಗಿಯನ್ನು ತಿವಿದು ಎಬ್ಬಿಸಿ ಕೇಳಿಯೇ ಬಿಟ್ಟಳು.